ಸೇತುವೆಗೆ ಕೊಟ್ಟ ಬೆಲ್ಟು

ಮೊನ್ನೆ ಗಂಗಾವತಿಯ ಬಜಾರಿನಲ್ಲಿ ನನ್ನ ಬೆಲ್ಟು ಹರಿಯಿತು. ಸುಮ್ಮನೆ ಹರಿಯಲಿಲ್ಲ, ದುಡಿಯುತ್ತ ಹರಿಯಿತು. ಹೊಸ ಸೀರೆ ಅಂಗಡಿಯೊಂದರ ಪರವಾಗಿ ಆಟೋಕ್ಕೆ ಮೈಕು ಕಟ್ಟಿಕೊಂಡು ಓಣಿ ಓಣಿ ಸುತ್ತುತ್ತ ಕೂಗುತ್ತಿದ್ದೆ. ಒಮ್ಮೆ ಗಂಡನ ಧ್ವನಿ, ಒಮ್ಮೆ ಹೆಂಡತಿಯ ಧ್ವನಿ, ಆಮೇಲೆ ಇಬ್ಬರೂ ಸೀರೆಗಾಗಿ ಜಗಳಾಡುವ ಧ್ವನಿ. ಜಗಳದಲ್ಲಿ ಹೆಂಡತಿ ಗೆಲ್ಲಬೇಕು, ಅದು ಅಂಗಡಿಯವರ ಕರಾರು. ಆಕೆ ಗೆಲ್ಲುವ ಜಾಗದಲ್ಲಿ ಹೊಟ್ಟೆಯಿಂದ ಉಸಿರು ಎಳೆದೆ ನೋಡಿ, ಬೆಲ್ಟಿನ ಬಕಲು ಹಾರಿ ಆಟೋದವನ ಕಿವಿಯ ಹತ್ತಿರ ಹೋಯಿತು. ಅವನು ತಿರುಗಿ ನೋಡಿ, "ಅಂತೂ ಗಂಡ ಸೋತ," ಎಂದ.

ಬೆಲ್ಟಿನ ಅಂಗಡಿಯವನು ಮಾತಿನಲ್ಲಿ ನನಗೇ ಗುರುವಾಗುವಂಥವನು. ಒಂದು ಬೆಲ್ಟು ತೆಗೆದು, ಲೈಟರು ಹಚ್ಚಿ ಅದರ ತುದಿಗೆ ಹಿಡಿದ. "ನೋಡ್ರಿ, ಸುಡಂಗಿಲ್ಲ, ಕರಗಂಗಿಲ್ಲ. ಅಸಲಿ ಚರ್ಮ. ಮಗಾ ಹಾಕ್ಕೋಬಹುದು, ಮೊಮ್ಮಗಾ ಹಾಕ್ಕೋಬಹುದು." ನನಗೆ ಇನ್ನೂ ಮದುವೆಯೇ ಆಗಿಲ್ಲ ಎಂದು ಹೇಳಿ ಅವನ ಉತ್ಸಾಹಕ್ಕೆ ನೀರು ಹಾಕಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ಮೂಗಿಗೆ ಇನ್ನೊಂದು ವಾಸನೆ ಬಡಿಯಿತು. ಬಾಗಿಲಿಗೆ ನೇತುಹಾಕಿದ್ದ ಅಗ್ಗದ ಬೆಲ್ಟುಗಳ ಗೊಂಚಲಿಗೆ ಬಿಸಿಲು ಬಿದ್ದಿತ್ತು. ಹೊಸ ರೆಕ್ಸಿನ್ನಿನ ವಾಸನೆ ನಿಮಗೂ ಗೊತ್ತಿರುತ್ತದೆ. ಜೂನ್ ತಿಂಗಳ ಸಾಲಿ ಚೀಲ, ಬಿಸಿಲಲ್ಲಿ ನಿಂತ ಬಸ್ಸಿನ ಸೀಟು, ಸ್ವಲ್ಪ ಚಿಮಣಿ ಎಣ್ಣೆ, ಇವೆಲ್ಲ ಸೇರಿದರೆ ಅದು.

"ಅದರಾಗಿಂದ ಒಂದು ಕೊಡ್ರಿ," ಎಂದೆ.

"ಅವು ರೆಕ್ಸಿನ್ ರಿ. ಭಾಳ ದಿನ ಬರಂಗಿಲ್ಲ."

"ಗೊತ್ತೈತಿ. ಚರ್ಮ ಅಲ್ಲ ಅಂತ ನೀವು ಖಾತ್ರಿ ಕೊಡ್ತೀರಿಲ್ಲ?"

ಅವನು ಲೈಟರು ಆರಿಸಿ ನನ್ನನ್ನೇ ನೋಡಿದ. ನಕಲಿ ಎಂದು ಖಾತ್ರಿ ಕೇಳಿದ ಗಿರಾಕಿಯನ್ನು ಅವನು ಅದುವರೆಗೆ ಕಂಡಿರಲಿಕ್ಕಿಲ್ಲ. ಅವನಿಗೆ ವಿವರಿಸುವಷ್ಟು ಹೊತ್ತು ಇರಲಿಲ್ಲ, ಆಟೋ ಕಾಯುತ್ತಿತ್ತು. ನಿಮಗಾದರೆ ಹೇಳಬಹುದು. ಆದರೆ ಅದಕ್ಕೆ ಕೊಪ್ಪಳದ ನಮ್ಮ ಕೆರೆಯ ಮೇಲಿನ ಸೇತುವೆಯಿಂದ ಶುರುಮಾಡಬೇಕು.

ನಾನು ಹುಡುಗನಾಗಿದ್ದಾಗ ಆ ಕೆರೆಗೆ ಯಾರೂ ನೀರು ನೋಡಲು ಹೋಗುತ್ತಿರಲಿಲ್ಲ. ಒಂದು ದಂಡೆಯಲ್ಲಿ ಎಮ್ಮೆ, ಇನ್ನೊಂದರಲ್ಲಿ ಜಾಲಿಕಂಟಿ, ನಡುವೆ ಆಪು ಹುಲ್ಲು ಬೆಳೆದು ನೀರು ಎಲ್ಲಿದೆ ಎಂದು ಎಮ್ಮೆಗೆ ಮಾತ್ರ ಗೊತ್ತಿರುತ್ತಿತ್ತು. ಆಮೇಲೆ ಒಂದು ದಿನ ಅಭಿವೃದ್ಧಿ ಬಂತು. ಜೆಸಿಬಿಗಳು ಬಂದವು, ಹೂಳು ಹೋಯಿತು. ಸುತ್ತಲೂ ಕಲ್ಲಿನ ಗೋಡೆ, ಗೋಡೆಯ ಮೇಲೆ ಸ್ಟೀಲಿನ ಕಂಬಿ, ನಡೆಯಲು ಬಣ್ಣದ ಟೈಲ್ಸಿನ ದಾರಿ, ಮುದುಕರು ಒಮ್ಮೆ ಜಗ್ಗಿ ನೋಡಿ ಬಿಡುವ ಕಸರತ್ತಿನ ಯಂತ್ರಗಳು, ಮಳೆ ಬರಲಿ ಬಿಡಲಿ ರೆಕ್ಕೆ ಬಿಚ್ಚಿಯೇ ನಿಂತ ಸಿಮೆಂಟಿನ ನವಿಲು. ಇಷ್ಟೆಲ್ಲ ಆದ ಮೇಲೆ, ಈ ದಂಡೆಯಿಂದ ಆ ದಂಡೆಗೆ ಬಿಲ್ಲಿನಂತೆ ಬಾಗಿದ, ಬಿಳಿ ತಂತಿಗಳಿಂದ ಜಗ್ಗಿ ಹಿಡಿದ, ಸಂಜೆಯಾದರೆ ಹಸಿರು, ನೀಲಿ, ಗುಲಾಬಿ ಎಂದು ಬಣ್ಣ ಬದಲಿಸುವ, ನಡೆಯುವವರಿಗೆ ಮಾತ್ರ ಎಂದು ಬರೆದ ಸೇತುವೆ.

ಆ ದಂಡೆಯಲ್ಲಿ ಏನಿದೆ ಎಂದು ಕೇಳಬೇಡಿ. ಏನೂ ಇಲ್ಲ. ನಮ್ಮೂರಿನ ಜನ ಸೇತುವೆ ಹತ್ತಿ ಆ ಕಡೆ ಹೋಗುತ್ತಾರೆ, ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ, ತಿರುಗಿ ಬರುತ್ತಾರೆ. ಬಂದವರ ಮುಖದಲ್ಲಿ ದೊಡ್ಡ ಪ್ರವಾಸ ಮುಗಿಸಿದ ಕಳೆ ಇರುತ್ತದೆ. ನಾನೂ ದಿನಾ ಸಂಜೆ ಹಾಗೆ ಪ್ರವಾಸ ಮುಗಿಸುವವನೇ. ಅದಕ್ಕೇ ನಗುವ ಹಕ್ಕು ನನಗಿದೆ.

ನನ್ನ ಕಸುಬಿನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಗಂಟಲಿನಲ್ಲಿ ಅರ್ಧ ಊರು ಬಾಡಿಗೆಗಿದೆ. ಹೆಡ್‌ಮಾಸ್ತರರ ಕೆಮ್ಮು, ಕುಷ್ಟಗಿ ಬಸ್ಸಿನ ಕಂಡಕ್ಟರನ ಸಿಟ್ಟು, ನಮ್ಮ ಓಣಿಯ ಗಿರಿಜಕ್ಕ ಬೆಳಿಗ್ಗೆ ಕೋಳಿಗಳನ್ನು ಬೈಯುವ ಪರಿ, ಎಲ್ಲ ಬರುತ್ತವೆ. ಯಲಬುರ್ಗಿಯ ಒಂದು ಮದುವೆಯಲ್ಲಿ ಬೀಗರ ಧ್ವನಿ ಮಾಡಿ ಊಟ ತಡವಾಗಿ ಸಿಗುವಂತೆ ಮಾಡಿಕೊಂಡಿದ್ದೇನೆ. ಒಟ್ಟಿನಲ್ಲಿ ಯಾರನ್ನು ಬೇಕಾದರೂ ನಗಿಸಬಲ್ಲೆ ಎಂಬ ಜಂಬ ನನಗಿತ್ತು. ಆ ಜಂಬ ಇಳಿದದ್ದು ನಮ್ಮ ಮನೆಯಲ್ಲೇ, ನಮ್ಮ ಅಕ್ಕನ ಎದುರಿಗೇ.

ಅಕ್ಕನನ್ನು ಶ್ರೀರಾಮನಗರಕ್ಕೆ ಕೊಟ್ಟಿದ್ದೇವೆ. ಕಾಲುವೆ ನೀರು, ಭತ್ತದ ಗದ್ದೆ, ಕನ್ನಡದ ನಡುವೆ ತೆಲುಗು ಬೆರೆಸಿ ಮಾತಾಡುವ ಮಾವ. ಅವಳ ಮೊದಲ ಕೂಸು ತೊಟ್ಟಿಲಿಗೆ ಹಾಕಿದ ಕೆಲವೇ ದಿನಗಳಲ್ಲಿ ಹೋಗಿಬಿಟ್ಟಿತು. ಎರಡನೆಯ ಹೆರಿಗೆಗೆ ತವರಿಗೆ ಬಂದಾಗ ಅವಳು ಬೇರೆಯೇ ಆಗಿದ್ದಳು. ಹೆಣ್ಣು ಕೂಸು, ಗುಂಡಗೆ ಇತ್ತು, ಹಸಿದರೆ ಓಣಿಗೆಲ್ಲ ಸಾರುತ್ತಿತ್ತು. ನನ್ನ ಕಸುಬಿಗೆ ವಾರಸುದಾರಳು ಸಿಕ್ಕಳು ಎಂದುಕೊಂಡೆ. ಆದರೆ ಅಕ್ಕ ಮಾತ್ರ ಕೂಸಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತ ಕೂತಿರುತ್ತಿದ್ದಳು. ಬೆರಳು ತೆಗೆಯುವಳು, ಮತ್ತೆ ಇಡುವಳು. ನಗುತ್ತಿರಲಿಲ್ಲ. ನಕ್ಕರೆ ಯಾರೋ ಕೇಳಿಸಿಕೊಂಡು ಬಂದು ಕೂಸನ್ನು ಕೇಳಿಯಾರು ಎಂಬಂತೆ ತುಟಿ ಬಿಗಿಹಿಡಿದಿದ್ದಳು.

ನಾನು ನನ್ನ ಚೀಲದಲ್ಲಿದ್ದುದನ್ನೆಲ್ಲ ಅವಳ ಮುಂದೆ ಸುರಿದೆ. ಕಂಡಕ್ಟರನಾದೆ, ಹೆಡ್‌ಮಾಸ್ತರನಾದೆ, ಅವಳ ಮಾವನಾಗಿ ಅರ್ಧ ತೆಲುಗಿನಲ್ಲಿ ಚಹಾ ಕೇಳಿದೆ, ಕೋಳಿ ಬೈಯುವ ಗಿರಿಜಕ್ಕನೂ ಆದೆ. ಗೋಡೆಯ ಆಚೆಯಿಂದ ಗಿರಿಜಕ್ಕ ನಕ್ಕಳು, ತನ್ನನ್ನೇ ಅಣಕಿಸುತ್ತಿದ್ದೇನೆ ಎಂದು ಗೊತ್ತಿಲ್ಲದೆ. ಅಕ್ಕ ಮಾತ್ರ, "ಸಾಕು ತಮ್ಮಾ, ಕೂಸು ಎದ್ದೀತು," ಎಂದಳು. ಕೂಸು ಎದ್ದೇ ಇತ್ತು. ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು, ಮುಂದಿನ ಐಟಂ ಯಾವುದು ಎಂಬಂತೆ.

ನಮ್ಮ ಆಯಿ, ಅಂದರೆ ಅವ್ವನ ಅವ್ವ, ಇದನ್ನೆಲ್ಲ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಒಂದು ದಿನ ನನ್ನನ್ನು ಹೊರಗೆ ಕರೆದಳು.

"ಲೇ ಮಂಗ್ಯಾ, ನಿನ್ನ ಕುಣಿತಕ್ಕ ಆಕಿ ನಗಂಗಿಲ್ಲ. ನೀರಿಗೆ ಹೋಗಿ ಬಂದ್ರ ನಗ್ತಾಳ."

ನೀರಿಗೆ ಹೋಗುವುದೆಂದರೆ ನಮ್ಮ ಕಡೆ ಬಾಣಂತಿಯರಿಗೆ ಒಂದು ಶಾಸ್ತ್ರ. ಹೆತ್ತವಳು ಅಲ್ಲಿಯವರೆಗೆ ಮನೆಯ ನೀರಿನ ಕೊಡ ಮುಟ್ಟುವುದಿಲ್ಲ. ಒಂದು ಒಳ್ಳೆಯ ದಿನ ನೋಡಿ ಐದು ಜನ ಮುತ್ತೈದೆಯರು ಅವಳನ್ನು ಹೊಳೆಗೋ ಕೆರೆಗೋ ಬಾವಿಗೋ ಕರೆದುಕೊಂಡು ಹೋಗುತ್ತಾರೆ. ದಂಡೆಯ ಐದು ಹರಳು ಆರಿಸಿ ತೊಳೆದು, ಅರಿಷಿಣ ಕುಂಕುಮ ಹಚ್ಚಿ ಗಂಗವ್ವ ಎಂದು ಪೂಜೆ ಮಾಡುತ್ತಾರೆ. ಬಾಣಂತಿ ತನ್ನ ಕೈಯಿಂದ ನೀರು ಎತ್ತಿ, ತುಂಬಿದ ಕೊಡ ಹೊತ್ತು ಮನೆಗೆ ಬರುತ್ತಾಳೆ. ಅಂದಿನಿಂದ ಅವಳು ಮತ್ತೆ ಮನೆಯವಳು, ಕೂಸು ಊರಿನದು.

"ಹೋದ ಸಲನೂ ಮಾಡಿದ್ವೆಲ್ಲ ಆಯಿ," ಎಂದೆ.

"ಎಲ್ಲಿ ಮಾಡಿದ್ವಿ? ಕೆರಿ ಹೊಲಸಾಗೈತಿ ಅಂತ ಹಿತ್ತಲದಾಗಿನ ನಳಕ್ಕ ಅರಿಷಿಣ ಹಚ್ಚಿದ್ವಿ. ನಳ ಅಂದ್ರ ಏನು? ತಿರುವಿದ್ರ ಬರ್ತೈತಿ, ತಿರುವಿದ್ರ ಹೋಗ್ತೈತಿ. ಕೂಸೂ ಹಂಗ ಹೋತು. ಕೆರಿ ಹಂಗಲ್ಲ. ಕೆರಿ ಇರ್ತೈತಿ."

ನಾನು ಕಾಲೇಜು ಮೆಟ್ಟಿಲು ಹತ್ತಿದವನು, ಇಂಥ ಮಾತಿಗೆ ಎದುರುತ್ತರ ಕೊಡುವ ವಿದ್ಯೆ ನನ್ನಲ್ಲಿ ಇರಬೇಕಿತ್ತು. ತಿರುಗಿ ನೋಡಿದರೆ ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳು ನಂಬಿದ್ದಾಳೆ ಎಂದು ಮುಖದಲ್ಲೇ ಗೊತ್ತಾಯಿತು. ಇನ್ನು ಆಕೆಗೆ ಕೆರೆಯ ನೀರು ಸಿಗಲೇಬೇಕಿತ್ತು. ಈಗ ಕೆರೆ ಸ್ವಚ್ಛವಾಗಿದೆ, ಎಲ್ಲ ವ್ಯವಸ್ಥೆ ನನಗೆ ಬಿಡಿ, ಎಂದೆ. ಹೀಗೆ ಹೇಳುವಾಗ ನನ್ನ ಸ್ವಂತ ಧ್ವನಿ ಬಳಸಿರಲಿಲ್ಲ, ತಾಲ್ಲೂಕು ಪಂಚಾಯ್ತಿ ಸದಸ್ಯರೊಬ್ಬರದು ಬಳಸಿದ್ದೆ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಆ ಮುಂಜಾನೆ ನಮ್ಮ ಮೆರವಣಿಗೆ ಹೊರಟಿತು. ಮುಂದೆ ಕೋಲೂರಿಕೊಂಡು ಆಯಿ. ಹಿಂದೆ ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ಬೇವಿನ ಎಸಳು ಮತ್ತು ಕಬ್ಬಿಣದ ತುಂಡು ಹಿಡಿದ ಅಕ್ಕ. ಕುಲಾವಿ ಹಾಕಿದ ಕೂಸನ್ನು ಎತ್ತಿಕೊಂಡ ಅವ್ವ. ಗಿರಿಜಕ್ಕನ ಮುಂದಾಳತ್ವದಲ್ಲಿ ಓಣಿಯ ಹೆಂಗಸರು. ಎಲ್ಲಕ್ಕೂ ಹಿಂದೆ, ಖಾಲಿ ಕೊಡ ಹೊತ್ತು, ವ್ಯವಸ್ಥಾಪಕನಾದ ನಾನು. ಇಸ್ತ್ರಿ ಮಾಡಿದ ಅಂಗಿ, ಒಳಗೆ ಸಿಕ್ಕಿಸಿ ಕಟ್ಟಿದ ಬೆಲ್ಟು. ಆ ಬೆಲ್ಟಿನ ಬಗ್ಗೆ ಓಣಿಗೆಲ್ಲ ಹೇಳಿದ್ದೆ: ಹುಬ್ಬಳ್ಳಿಯಲ್ಲಿ ತಗೊಂಡದ್ದು, ಅಪ್ಪಟ ಚರ್ಮ.

ಕೆರೆಗೆ ಬಂದರೆ ನೀರು ಎದುರಿಗೇ ಇದೆ, ಮುಟ್ಟಲು ದಾರಿ ಇಲ್ಲ. ನೀರಿಗಿಳಿಯುವ ಹಳೆಯ ಪಾವಟಿಗೆಗಳ ಮೇಲೆ ಕಲ್ಲಿನ ಕಟ್ಟೆ ಬಂದಿತ್ತು. ಸುತ್ತಲೂ ಕಂಬಿ. ಆಯಿ ಒಂದು ಸುತ್ತು ನೋಡಿ, "ಚಂದ ಮಾಡ್ಯಾರ. ಗಂಗವ್ವನ್ನ ಜೇಲಿನಾಗ ಹಾಕ್ಯಾರ," ಎಂದಳು. ನೀರಿನ ಮೇಲೆ ಹೋಗಲು ಇದ್ದದ್ದು ಸೇತುವೆ ಒಂದೇ. ಅದಕ್ಕೆ ಅಡ್ಡಲಾಗಿ ಕೆಂಪು ರಿಬ್ಬನ್ನು, ಪಕ್ಕದಲ್ಲಿ ಒಣಗಿದ ಬಾಳೆಕಂಬ, ಕುರ್ಚಿ, ಕುರ್ಚಿಯಲ್ಲಿ ವಾಚ್‌ಮನ್. ಉದ್ಘಾಟನೆಗೆ ಬರಬೇಕಾದ ದೊಡ್ಡವರು ಮತ್ತೆ ಮತ್ತೆ ದಿನ ಮುಂದೂಡಿದ್ದರು. ಬಾಳೆಕಂಬ ಒಣಗಿತ್ತು, ರಿಬ್ಬನ್ನು ಮಾತ್ರ ಕಾಯುತ್ತಿತ್ತು.

"ಎಲ್ಲಿ ಹೊಂಟೀಬೇ ಯವ್ವಾ?" ವಾಚ್‌ಮನ್ ಎದ್ದು ನಿಂತ.

"ನೀರಿಗೆ."

"ಬಂದ್ ಐತಿ."

"ಕೆರಿ ಬಂದ್ ಇರ್ತೈತೇನಪಾ? ಅದೇನು ಅಂಗಡ್ಯಾ?"

"ಉದ್ಘಾಟನಿ ಆಗಿಲ್ಲಬೇ. ರಿಬ್ಬನ್ ಕತ್ತರಸೂತನಕ ಯಾರನ್ನೂ ಬಿಡಬ್ಯಾಡ ಅಂದಾರ. ಅದನ್ನ ಕಾಯೂದ ನನ್ನ ನೌಕರಿ."

ಹೆಂಗಸರೆಲ್ಲ ನನ್ನ ಕಡೆ ನೋಡಿದರು. ವ್ಯವಸ್ಥಾಪಕನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬರುವುದಿಲ್ಲ. ಆಯಿಗೆ ಕಣ್ಸನ್ನೆ ಮಾಡಿ ಸಿಮೆಂಟಿನ ನವಿಲಿನ ಹಿಂದೆ ಹೋದೆ. ಫಲಕದ ಮೇಲೆ ಬರೆದಿದ್ದ ವಾಚ್‌ಮನ್ನನ ನಂಬರು ಒತ್ತಿ, ಎಂಜಿನಿಯರ್ ಸಾಹೇಬರ ಗಂಟಲು ಹಾಕಿದೆ. ಅವರನ್ನು ಒಂದು ಕಾರ್ಯಕ್ರಮದಲ್ಲಿ ಕೇಳಿದ್ದೆ. ಮೂಗಿನಲ್ಲಿ ಸ್ವಲ್ಪ, ಹೊಟ್ಟೆಯಲ್ಲಿ ಬಹಳ.

"ಹಲೋ. ಯಾರ್ರಿ, ವಾಚ್‌ಮನ್ನರಾ? ನಾನು ಎಂಜಿನಿಯರ್ ಮಾತಾಡೋದು. ಅಲ್ಲಿ ನಮ್ಮ ಪೈಕಿ ಹೆಂಗಸರು ಬಂದಾರ, ದಯಮಾಡಿ ಒಳಗ ಬಿಡ್ರಿ."

"ಹೂಂ ರಿ ಸಾಹೇಬ್ರ," ಎಂದ ಅವನು, ಬಹಳ ಶಾಂತವಾಗಿ. "ಆದ್ರ ಸಾಹೇಬ್ರ, ನವಲಿನ ಹಿಂದ ಬಿಸಲಾಗ ಯಾಕ ನಿಂತೀರಿ? ನೆಳ್ಳಿಗೆ ಬರ್ರಿ."

ನಾನು ಫೋನು ಕಿವಿಗೆ ಹಿಡಿದೇ ಹೊರಗೆ ಬಂದೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಧ್ವನಿ ಛಲೋ ಮಾಡ್ತೀರಿ. ಮಾತಿನಾಗ ಸಿಕ್ಕೊಂಡ್ರಿ. ಸಾಹೇಬ್ರು ನಂಗ ದಯಮಾಡಿ ಅನ್ನಂಗಿಲ್ಲ," ಎಂದ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅಕ್ಕನ ಮುಖ ನೋಡಿದೆ. ಅಲ್ಲಿ ಏನೂ ಬದಲಾಗಿರಲಿಲ್ಲ. ಅವಳು ಕಂಬಿಯ ಆಚೆಯ ನೀರನ್ನು ನೋಡುತ್ತಿದ್ದಳು, ಬಸ್ಸು ತಪ್ಪಿಸಿಕೊಂಡವರು ರಸ್ತೆ ನೋಡುವ ಹಾಗೆ.

ಆಯಿ ಕುರ್ಚಿಯ ಹತ್ತಿರ ಹೋಗಿ ಅವನ ಹೆಸರು ಕೇಳಿದಳು. ಮಾಬುಸಾಬ ಎಂದ.

"ಇಲ್ಲೇ ಹುಟ್ಟಿದಾವೇನಪಾ?"

"ಹೌದಬೇ, ಇಲ್ಲೇ."

"ನಿಮ್ಮವ್ವ ಯಾವ ನೀರು ಹೊತ್ತಾಳ?"

ಮಾಬುಸಾಬ ಕೆರೆಯ ಕಡೆ ತಿರುಗಿದ. "ಇದ ಕೆರಿದು. ಕೊಡ ತಲಿ ಮ್ಯಾಲ, ನಾ ಬಗಲಾಗ."

"ಈಕಿ ಮೊದಲನೇ ಕೂಸು ಉಳೀಲಿಲ್ಲಪಾ," ಎಂದಳು ಆಯಿ. ಅಷ್ಟೇ. ಕೈ ಮುಗಿಯಲಿಲ್ಲ, ಬೇಡಲಿಲ್ಲ.

ಮಾಬುಸಾಬ ಟೋಪಿ ತೆಗೆದು ತಲೆ ಕೆರೆದುಕೊಂಡ. "ನಂಗ ರಿಬ್ಬನ್ ಕಾಯಿ ಅಂದಾರ. ಅದರ ಬುಡಕ ಏನು ಹೋಗ್ತೈತಿ ನೋಡು ಅಂತ ಯಾರೂ ಹೇಳಿಲ್ಲ," ಎಂದು ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿ ಕೂತ.

ಬಾಣಂತಿ ಬಗ್ಗಬಾರದು. ಹಾಗಾಗಿ ನಾನು ಎರಡೂ ಕೈಯಿಂದ ರಿಬ್ಬನ್ನು ಎತ್ತಿ ಹಿಡಿದೆ, ಅಕ್ಕ ತಲೆ ಎತ್ತಿಕೊಂಡೇ ಒಳಗೆ ಹೋದಳು. ಹಿಂದೆ ಕೂಸು, ಆಮೇಲೆ ಉಳಿದವರು. ದೊಡ್ಡವರು ಕಾರಿನಲ್ಲಿ ಬಂದು ಮಾಡಬೇಕಾದ ಉದ್ಘಾಟನೆ ಹೀಗೆ ಕುಲಾವಿಯಲ್ಲಿ ಬಂದವಳಿಂದ ಆಯಿತು. ಆವತ್ತಿನ ವ್ಯವಸ್ಥೆಯಲ್ಲಿ ನನ್ನಿಂದಾದ ಕೆಲಸ ಅದೊಂದೇ ಎಂದು ನಾನು ತಿಳಿದುಕೊಂಡಿದ್ದೆ.

ಸೇತುವೆಯ ನಡುವಿಗೆ ಹೋದರೆ ಮೊದಲ ತೊಡಕು, ಹರಳಿಲ್ಲ. ಎಲ್ಲಿ ನೋಡಿದರೂ ಟೈಲ್ಸು, ಸ್ಟೀಲು. "ಕೆರಿ ಕಟ್ಟೂ ಗದ್ದಲದಾಗ ಐದು ಹರಳು ಉಳಿಸಿಲ್ಲಲ್ಲ," ಎಂದು ಗಿರಿಜಕ್ಕ ಗೊಣಗಿದಳು. ಆಯಿ ಕೋಲಿನಿಂದ ತಡಕುತ್ತ ಹೋಗಿ ಒಂದು ಕಂಬದ ಬುಡದಲ್ಲಿ ನಿಂತಳು. ಅಲ್ಲಿ ಸಾಲಾಗಿ ಐದು ಬೋಲ್ಟು, ಬೆಲ್ಲದ ಅಚ್ಚಿನಷ್ಟು ದಪ್ಪ ತಲೆಯವು. ಕೋಲಿನಿಂದ ಬಡಿದು ನೋಡಿದಳು. "ಇವಕ್ಕ ಹಚ್ರಿ. ಕಲ್ಲಾದ್ರ ಉಳ್ಳ್ಯಾಡ್ತಾವ. ಇವು ಅಳ್ಳಾಡಂಗಿಲ್ಲ." ಬೋಲ್ಟುಗಳು ಅರಿಷಿಣ ಹಚ್ಚಿಸಿಕೊಂಡು, ಹಣೆಗೆ ಕುಂಕುಮ ಇಡಿಸಿಕೊಂಡು, ನೋಡು ನೋಡುವಷ್ಟರಲ್ಲಿ ಹೆಂಗಸರ ಪೈಕಿ ಆಗಿಬಿಟ್ಟವು.

ಎರಡನೆಯ ತೊಡಕು ನೀರು. ಅದು ಕಂಬಿಯಿಂದ ಬಹಳ ಕೆಳಗಿತ್ತು. ಪಾವಟಿಗೆ ಇರುತ್ತವೆ ಎಂದು ಹಗ್ಗ ತಂದಿರಲಿಲ್ಲ. ಈ ಸಲ ಯಾರೂ ನನ್ನ ಕಡೆ ನೋಡಲಿಲ್ಲ. ಅಷ್ಟರಲ್ಲಿ ಅವರಿಗೆ ನನ್ನ ಪರಿಚಯವಾಗಿತ್ತು. ಆಯಿ ನೋಡಿದ್ದು ರಿಬ್ಬನ್ನಿನ ಕಡೆ. ದೂರದಲ್ಲಿ ರಸ್ತೆ ಕಾಯುತ್ತಿದ್ದ ಮಾಬುಸಾಬನಿಗೆ ಬೆನ್ನಲ್ಲೂ ಕಣ್ಣಿದ್ದಿರಬೇಕು, ಎದ್ದು ಓಡಿಬಂದ.

"ಕತ್ತರಸಬ್ಯಾಡ್ರಿ. ಬಿಚ್ಚಿದ್ರ ಮತ್ತ ಕಟ್ಟಬಹುದು," ಎಂದು ತಾನೇ ಗಂಟು ಬಿಚ್ಚತೊಡಗಿದ. ನಾನು ಸಹಾಯಕ್ಕೆ ಹೋದರೆ, "ನೀವು ಬಿಡ್ರಿ ಸಾಹೇಬ್ರ," ಎಂದ. ಇವತ್ತಿಗೂ ಅವನು ನನ್ನನ್ನು ಸಾಹೇಬ್ರು ಎಂದೇ ಕರೆಯುತ್ತಾನೆ. ಸೇತುವೆಯ ಆ ತುದಿಗೂ ಇಂಥದೇ ರಿಬ್ಬನ್ನು ಇತ್ತು. ಎರಡನ್ನೂ ಒಂದಕ್ಕೊಂದು ಕಟ್ಟಿ, ಪೂಜೆಗೆ ತಂದ ತಂಬಿಗೆಯ ಕೊರಳಿಗೆ ಬಿಗಿದು ಇಳಿಬಿಟ್ಟೆವು. ತಂಬಿಗೆ ಇಳಿಯಿತು, ಇಳಿಯಿತು, ನೀರಿಗೆ ಒಂದು ಮೊಳ ಇದೆ ಎನ್ನುವಾಗ ನಿಂತಿತು. ಗಾಳಿಗೆ ಅತ್ತಿತ್ತ ತೂಗಾಡುತ್ತ ತನ್ನ ಮುಖವನ್ನು ತಾನೇ ನೀರಿನಲ್ಲಿ ನೋಡಿಕೊಳ್ಳತೊಡಗಿತು.

ಅಕ್ಕ ಕಂಬಿ ಹಿಡಿದು ಆ ಒಂದು ಮೊಳವನ್ನೇ ನೋಡುತ್ತಿದ್ದಳು. ಅವಳ ಕೆಳತುಟಿ ನಡುಗುತ್ತಿತ್ತು. ಇಷ್ಟು ದೂರ ಬಂದು ಇಷ್ಟರಲ್ಲಿ ತಪ್ಪಿತಲ್ಲ, ಇದೂ ಹೋದ ಸಲದಂತೆಯೇ ಎಂದು ಅವಳು ಮನಸ್ಸಿನಲ್ಲಿ ಬರೆದುಕೊಳ್ಳುತ್ತಿದ್ದಳು. ಆಗ ಆಯಿಯ ಕಣ್ಣು ಸುತ್ತಾಡಿ ಸುತ್ತಾಡಿ ನನ್ನ ನಡುವಿನ ಮೇಲೆ ಬಂದು ನಿಂತಿತು.

"ಬಿಚ್ಚು."

"ಏನು ಬಿಚ್ಚಲಿ?"

"ನಡಕ್ಕ ಕಟ್ಟೀಯಲ್ಲ, ಅದನ್ನ."

ನಾನು ಬೆಲ್ಟಿಗೆ ಕೈ ಹಾಕಿದೆ. ಗಿರಿಜಕ್ಕ ನಡುವೆ ಬಂದಳು. "ತಡೀರಿ. ಅದು ಚರ್ಮದ್ದಲ್ಲೇನು? ಹುಬ್ಬಳ್ಳಿದು, ಅಪ್ಪಟ ಚರ್ಮ ಅಂತ ಇವ ನಮ್ಮ ಮನಿ ಕಟ್ಟಿ ಮ್ಯಾಲ ಕುಂತು ಹೇಳ್ಯಾನ. ಗಂಗವ್ವಗ ಚರ್ಮ ಮುಟ್ಟಸ್ತಾರನು?"

ಆಯಿಯ ಚಾಚಿದ ಕೈ ಹಿಂದಕ್ಕೆ ಹೋಯಿತು. ಅಕ್ಕ ಕಣ್ಣು ಮುಚ್ಚಿಕೊಂಡಳು. ತಂಬಿಗೆ ತೂಗಾಡುತ್ತಲೇ ಇತ್ತು. ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದ ಅಷ್ಟು ಜನರಲ್ಲಿ ಒಬ್ಬನೂ ಸಹಾಯಕ್ಕೆ ಬರಲಿಲ್ಲ. ಕೊನೆಗೆ ನನ್ನದೇ ಧ್ವನಿ ಬಂತು. ಅದು ಎಷ್ಟು ಸಣ್ಣದೆಂದು ನನಗೇ ಗೊತ್ತಿರಲಿಲ್ಲ.

"ಚರ್ಮದ್ದಲ್ಲ."

"ಮತ್ತ?"

"ರೆಕ್ಸಿನ್."

"ಹುಬ್ಬಳ್ಳಿ?" ಎಂದಳು ಗಿರಿಜಕ್ಕ, ಬಿಡದೆ.

"ಮುನಿರಾಬಾದ್ ಸಂತಿ."

ಮಾಬುಸಾಬ ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದ. "ಸಾಹೇಬ್ರ, ಮತ್ತ ಧ್ವನಿ ಬದ್ಲ ಮಾಡಿ ಹೇಳಾಕತ್ತೀರೋ ಏನೋ. ಕಡ್ಡಿ ಕೊರದು ನೋಡೂಣು. ಚರ್ಮ ಆದ್ರ ಸುಡಂಗಿಲ್ಲ."

"ಬ್ಯಾಡ್ರಿ," ಎಂದು ಬೆಲ್ಟನ್ನು ಎದೆಗವಚಿಕೊಂಡೆ. "ಸುಟ್ಟು ಹೋಗ್ತೈತ್ರಿ. ಇರೂದು ಇದೊಂದ."

ಮೊದಲಿಗೆ ಅದು ಯಾರ ಸದ್ದೆಂದು ತಿಳಿಯಲಿಲ್ಲ. ಕುದಿಯುವ ಪಾತ್ರೆಯ ಮುಚ್ಚಳ ಒಂದು ಕಡೆ ಎದ್ದ ಹಾಗೆ ಒಂದು ಸಣ್ಣ ಸದ್ದು. ತಿರುಗಿದರೆ ಅಕ್ಕ. ತುಟಿ ಬಿಗಿಹಿಡಿಯಲು ನೋಡಿದಳು, ಆಗಲಿಲ್ಲ. "ಮುನಿರಾಬಾದ್ ಸಂತಿ," ಎಂದಳು, ನಕ್ಕಳು. "ನಂಗೂ ಹುಬ್ಬಳ್ಳಿ ಅಂದಿದ್ದಿ," ಎಂದಳು, ಮತ್ತೆ ನಕ್ಕಳು. ಒಂದು ಕೈ ಹೊಟ್ಟೆಗೆ, ಒಂದು ಕೈ ಕಂಬಿಗೆ. ಕಣ್ಣಿಂದ ನೀರು ಹರಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. "ಸಣ್ಣಗ ನಗಬೇ, ಹೊಲಿಗಿ ಬಿಚ್ಚೀತು," ಎಂದ ಆಯಿಯೂ ನಕ್ಕಳು. ನನ್ನ ಎಲ್ಲ ಧ್ವನಿಗಳಿಂದ ಆಗದ ಕೆಲಸವನ್ನು ನನ್ನ ಬೆಲ್ಟು ಮಾಡಿತು. ಅದೂ ತಾನು ನಕಲಿ ಎಂದು ಒಪ್ಪಿಕೊಂಡು.

ಬೆಲ್ಟನ್ನು ರಿಬ್ಬನ್ನಿಗೆ ಬಿಗಿದರು. ಆ ಒಂದು ಮೊಳ ಸರಿಹೋಯಿತು. ಅಕ್ಕ ತನ್ನ ಕೈಯಿಂದ ತಂಬಿಗೆ ಎಳೆದಳು, ಮತ್ತೆ ಮತ್ತೆ ಎಳೆದು ಬೋಲ್ಟುಗಳಿಗೆ ಎರೆದಳು, ಕೊಡ ತುಂಬಿದಳು. ಆಮೇಲೆ ಅವ್ವನ ಕೈಯಿಂದ ಕೂಸನ್ನು ತೆಗೆದುಕೊಂಡು ಅದರ ಕೆನ್ನೆಗೆ ಒದ್ದೆ ಕೈ ಒತ್ತಿದಳು. ಮೂಗಿನ ಕೆಳಗೆ ಬೆರಳಿಡಲಿಲ್ಲ. ಕೂಸು ತಂಪಿಗೆ ಬೆಚ್ಚಿ ಕೆರೆಗೆಲ್ಲ ಕೇಳುವಂತೆ ಅತ್ತಿತು. ಅವಳು ಅದಕ್ಕೂ ನಕ್ಕಳು.

ಬೆಲ್ಟು ವಾಪಸ್ ಕೇಳಿದರೆ ಆಯಿ ಕೊಡಲಿಲ್ಲ. "ಗಂಗವ್ವನ್ನ ಮುಟ್ಟೈತಿ. ಇನ್ನ ನಡಕ್ಕ ಕಟ್ಟಬಾರದು. ತೊಟ್ಟಲಕ್ಕ ಕಟ್ಟೂಣು." ನಾನು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಬಜಾರಿನ ನಡುವೆ, ತುಂಬಿದ ಕೊಡದ ಹಿಂದೆ ನಡೆದು ಮನೆಗೆ ಬಂದೆ. ಕೂಸಿಗೆ ಗಂಗಾ ಎಂದು ಹೆಸರಿಟ್ಟರು. ಗಂಗಿ ಎಂದು ಕರೆದವನು ನಾನು.

ಇಷ್ಟಕ್ಕೇ ಮುಗಿದಿದ್ದರೆ ಇದು ನಮ್ಮ ಮನೆಯ ಮಾತಾಗಿ ಉಳಿಯುತ್ತಿತ್ತು. ಕೆಲವು ದಿನಕ್ಕೆ ದೊಡ್ಡವರು ನಿಜವಾಗಿಯೂ ಬಂದರು. ಮಾಬುಸಾಬ ಮರಳಿ ಕಟ್ಟಿದ್ದ ರಿಬ್ಬನ್ನಿನಲ್ಲಿ ಅರಿಷಿಣದ ಬೆರಳಚ್ಚುಗಳು ಹಾಗೇ ಇದ್ದವು. ಶುಭಕ್ಕೆಂದು ಹಚ್ಚಿದ್ದಾರೆ ಎಂದು ತಿಳಿದು ಅವರು ಅಲ್ಲೇ ಹಿಡಿದು ಕತ್ತರಿಸಿದರು. ಮುಂದೆ ನಡೆದರೆ ಐದು ಬೋಲ್ಟುಗಳು, ಕುಂಕುಮ, ಒಣಗಿದ ಹೂವು. ಅವರು ತಟ್ಟನೆ ನಿಂತು, ಬೂಟು ಕಳಚಿ, ಕೈ ಮುಗಿದರು. ಹಿಂದಿದ್ದವರೆಲ್ಲ ಕಳಚಿದರು, ಮುಗಿದರು. ಜನರ ನಡುವೆ ನಿಂತಿದ್ದ ನಾನೂ ಮುಗಿದೆ, ಬೇರೆ ಏನು ಮಾಡಲಿ. ಅವತ್ತಿನಿಂದ ನಮ್ಮೂರ ಜನ ಸೇತುವೆಯ ಬುಡದಲ್ಲಿ ಚಪ್ಪಲಿ ಬಿಟ್ಟು ಹತ್ತುತ್ತಾರೆ. ಒಮ್ಮೆ ಬಣ್ಣ ಬಳಿಯುವವರು ಬಂದು ಬೋಲ್ಟುಗಳಿಗೂ ಬಿಳಿ ಹೊಡೆದು ಹೋದರು. ಮರುದಿನವೇ ಅವು ಹಳದಿಯಾದವು.

ನಾನು ಇದನ್ನು ಬಿಡುತ್ತೇನೆಯೇ? ಐಟಂ ಮಾಡಿದೆ. ಗಣೇಶನ ಪೆಂಡಾಲುಗಳಲ್ಲಿ, ಮದುವೆಗಳಲ್ಲಿ, ಬೋಲ್ಟವ್ವನ ಮಹಿಮೆ ಎಂದು ಪೂಜಾರಿಯ ಧ್ವನಿಯಲ್ಲಿ ಹೇಳಿದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಬೆಲ್ಟಿನ ಸಂಗತಿ ಮಾತ್ರ ಅದರಲ್ಲಿ ಇರುತ್ತಿರಲಿಲ್ಲ. ಜನರನ್ನು ನಗಿಸುವವನಿಗೆ ತನ್ನ ಪ್ಯಾಂಟಿನ ಬಗ್ಗೆ ಒಂದಿಷ್ಟು ಮರ್ಯಾದೆ ಇರಬೇಕಲ್ಲ.

ಈಗ ಮೊನ್ನೆಯ ಸಂಜೆಗೆ ಬರುತ್ತೇನೆ. ಹೊಸ ರೆಕ್ಸಿನ್ ಬೆಲ್ಟು ಕಟ್ಟಿಕೊಂಡು ಗಂಗಾವತಿಯಿಂದ ಬಂದೆ. ಬೇಸಿಗೆ ರಜೆಗೆಂದು ಗಂಗಿ ನಮ್ಮಲ್ಲಿಗೆ ಬಂದಿದ್ದಾಳೆ, ಸಾಲಿಗೆ ಹೋಗುವ ಹುಡುಗಿ ಈಗ. ನಡೆಯುವುದಕ್ಕಿಂತ ಕೂಗುವುದೇ ಹೆಚ್ಚು. ಅವಳನ್ನು ಕರೆದುಕೊಂಡು ಸೇತುವೆಗೆ ಹೋದೆ. ನಡುವೆ ಹೆಂಗಸರ ಗುಂಪು ನಿಂತಿತ್ತು. ತಲೆಗೆ ಸೆರಗು ಹೊದ್ದ ಬಾಣಂತಿ, ಯಾರದೋ ಕೈಯಲ್ಲಿ ಕುಲಾವಿಯ ಕೂಸು, ಬೋಲ್ಟುಗಳಿಗೆ ಹೊಸ ಅರಿಷಿಣ. ಹೊಸ ಮಾಲು ಸಿಕ್ಕಿತು ಎಂದು ನಾನು ಕಿವಿ ಚುರುಕು ಮಾಡಿ ನಿಂತೆ. ಅವರು ಚೀಲದಿಂದ ತಂಬಿಗೆ ತೆಗೆದರು, ಆಮೇಲೆ ತೆಗೆದದ್ದು ಹಗ್ಗವಲ್ಲ, ಕೆಂಪು ರಿಬ್ಬನ್ನು. ಇಳಿಬಿಟ್ಟರು. ಬೇಸಿಗೆಗೆ ಕೆರೆಯ ನೀರು ಇಳಿದಿತ್ತು, ತಂಬಿಗೆ ನೀರು ಮುಟ್ಟಲಿಲ್ಲ.

"ತಮ್ಮನ ಬೆಲ್ಟ ಎಲ್ಲೈತಿ?" ಎಂದಳು ಹಿರಿಯ ಹೆಂಗಸು.

ಬಾಣಂತಿಯ ತಮ್ಮ ತಲೆ ತಗ್ಗಿಸಿದ. ಅವನು ಲಾಡಿಯ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಬಂದಿದ್ದ.

"ಈಗಿನ ಹುಡುಗರ ಹಣಿಬಾರನ ಇಷ್ಟು," ಎಂದು ಆಕೆ ಬೈದಳು.

ನನಗೆ ತಡೆಯಲಾಗಲಿಲ್ಲ. "ಬೆಲ್ಟ ಯಾಕಬೇ? ಒಂದು ಹಗ್ಗ ತಂದ್ರ ಆಗ್ತಿತ್ತಲ್ಲ," ಎಂದೆ.

ಆಕೆ ನನ್ನನ್ನು ಏನೂ ತಿಳಿಯದವನನ್ನು ನೋಡುವಂತೆ ನೋಡಿದಳು. "ಹಗ್ಗ ನಡ್ಯಂಗಿಲ್ಲಪಾ. ರಿಬ್ಬನ್ ಬೇಕು, ಕಡೀಕ ತಮ್ಮನ ಬೆಲ್ಟ ಕಟ್ಟಬೇಕು. ಚರ್ಮದ್ದು ಆಗಂಗಿಲ್ಲ, ರೆಕ್ಸಿನ್ನ ಆಗಬೇಕು. ಮೊದಲಿಂದ ನಡಕೊಂತ ಬಂದೈತಿ."

ನನ್ನ ಬಾಯಿ ತೆರೆದುಕೊಂಡಿತು. ಎಂಥ ಐಟಂ, ಎಂಥ ಧ್ವನಿ, ಈ ವರ್ಷದ ಎಲ್ಲ ಪೆಂಡಾಲುಗಳಿಗೂ ಸಾಕಾಗುವಷ್ಟು. ಮೊದಲಿಂದ ಅಂದರೆ ಎಲ್ಲಿಂದ ಎಂದು ನಾನು ಹೇಳಬಹುದಿತ್ತು. ಅಷ್ಟರಲ್ಲಿ ಬಾಣಂತಿಯ ಮುಖ ಕಂಡಿತು. ಅವಳು ಕಂಬಿ ಹಿಡಿದು ಕೆಳಗೆ ನೋಡುತ್ತಿದ್ದಳು, ತಂಬಿಗೆಗೂ ನೀರಿಗೂ ನಡುವೆ ಉಳಿದ ಜಾಗವನ್ನು. ಕೆಳತುಟಿ ಹಲ್ಲಿನಲ್ಲಿ ಕಚ್ಚಿಹಿಡಿದಿದ್ದಳು. ಅವಳ ಮನೆಯ ಕಥೆ ನನಗೆ ಗೊತ್ತಿಲ್ಲ. ಆ ಮುಖ ಗೊತ್ತಿತ್ತು.

ನಾನು ಬಕಲು ಬಿಚ್ಚಿದೆ.

"ನಂದು ನಡೀತೈತೇನು ನೋಡ್ರಿ. ಇವತ್ತ ತಗೊಂಡೀನಿ."

"ಚರ್ಮದ್ದೇನು?"

"ಅಲ್ಲಬೇ. ಅಪ್ಪಟ ರೆಕ್ಸಿನ್. ಅಂಗಡಿಯಾವನ ಹತ್ರ ಖಾತ್ರಿ ಮಾಡಿಸ್ಕೊಂಡೀನಿ."

ಆಕೆ ಬೆಲ್ಟು ಮೂಸಿ ನೋಡಿದಳು, ತಲೆಯಾಡಿಸಿದಳು. "ಹಂಗಾರ ಇವತ್ತಿನ ಮಟ್ಟಿಗೆ ನೀನ ಈಕಿ ತಮ್ಮ."

ಬೆಲ್ಟು ಕೈಯಿಂದ ಹೋದ ಗಳಿಗೆಯಲ್ಲೇ ಪ್ಯಾಂಟು ಜಾರಿತು. ಕೆಳಗಿಳಿಯುವ ಮೊದಲೇ ಎರಡೂ ಕೈಯಿಂದ ಹಿಡಿದೆ. ಪಕ್ಕದಲ್ಲಿದ್ದ ಗಂಗಿ ಇಣುಕಿದ ಚಡ್ಡಿ ನೋಡಿ, "ಮಾಮಾನ ಚೊಣ್ಣ," ಎಂದು ಆ ದಂಡೆಗೆ ಕೇಳುವಂತೆ ಸಾರಿದಳು. ಬಾಣಂತಿ ತಿರುಗಿ ನೋಡಿದಳು. ಮುಚ್ಚಳ ಒಂದು ಕಡೆ ಎದ್ದಂಥ ಆ ಸದ್ದನ್ನು ನಾನು ಎರಡನೆಯ ಸಲ ಕೇಳಿದೆ. ಅಷ್ಟು ಜನರ ಧ್ವನಿ ಮಾಡುತ್ತೇನೆ, ಅದೊಂದನ್ನು ಮಾಡಲು ನನಗೆ ಇದುವರೆಗೂ ಬಂದಿಲ್ಲ.

ಸೇತುವೆಯ ಬುಡದಲ್ಲಿ ಕುರ್ಚಿಯ ಮೇಲಿದ್ದ ಮಾಬುಸಾಬ ನನ್ನ ಕೈಗಳು ಇದ್ದ ಜಾಗ ನೋಡಿ ಎದ್ದು ನಿಂತ. "ನಮಸ್ಕಾರ ಸಾಹೇಬ್ರ," ಎಂದ. ಹಿಡಿದದ್ದನ್ನು ಬಿಡುವಂತಿರಲಿಲ್ಲ, ತಲೆಯಾಡಿಸಿಯೇ ಉತ್ತರ ಕೊಟ್ಟೆ. ನನ್ನ ಚಪ್ಪಲಿಗಳನ್ನು ಗಂಗಿ ಎತ್ತಿಕೊಂಡಳು.

ಮಂಡಿನೋವಿನಿಂದ ಸೇತುವೆ ಹತ್ತಲಾಗದ ಆಯಿ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ದೂರದಿಂದಲೇ ನೋಡಿದಳು. ಬೆಲ್ಟು ಎಲ್ಲಿ ಹೋಯಿತೆಂದು ಕೇಳಲಿಲ್ಲ.

"ಬಾಣಂತಿ ನಕ್ಲನು?" ಎಂದಳು.

"ನಕ್ಲು ಆಯಿ."

"ಹಂಗಾರ ಆತು. ಒಳಗ ಗೂಟಕ್ಕ ಲಾಡಿ ಐತಿ, ಕಟ್ಕೋ ಹೋಗು."